ಫಿಲಡೆಲ್ಫಿಯಾದ ತಾಮ್ರ, ಸಿಂಧನೂರಿನ ಹುಣಸೆಹಣ್ಣು

೧
ಎಲ್ಲಿಂದ ಶುರು ಮಾಡಲಿ? ೧೭೯೩ರ ಫಿಲಡೆಲ್ಫಿಯಾದಿಂದಲೋ, ಮೊನ್ನೆಯ ಸಿಂಧನೂರಿನ ನಮ್ಮ ಬಚ್ಚಲಿನಿಂದಲೋ? ಮೊದಲನೆಯದಕ್ಕೆ ಗಾಂಭೀರ್ಯವಿದೆ. ಎರಡನೆಯದರಲ್ಲಿ ನಾನಿದ್ದೇನೆ.

(ಇನ್ನೊಂದು ಆರಂಭವೂ ಇತ್ತು: "ನನ್ನ ಗಂಡ ವೀರೇಶ ತೀರಿಹೋಗಿ ವರ್ಷವಾಯಿತು." ಹೊಡೆದುಹಾಕಿದೆ. ಹಾಗೆ ಶುರುವಾದರೆ ನೀವು ಅಯ್ಯೋ ಅನ್ನುತ್ತೀರಿ, ಮುಂದಿನದನ್ನು ಅಯ್ಯೋ ಅನ್ನುತ್ತಲೇ ಓದುತ್ತೀರಿ. ಆದರೆ ಇದು ನಿರಾಳವಾದ ಕಥೆ.)

೨
ಸರಿ, ಫಿಲಡೆಲ್ಫಿಯಾ. ಹೊಸ ದೇಶ, ಹೊಸ ಟಂಕಸಾಲೆ, ಸಾಕಷ್ಟು ತಾಮ್ರವಿಲ್ಲ. ಹಳೆಯ ಪಾತ್ರೆ, ಗುಜರಿ, ಸಿಕ್ಕಿದ್ದನ್ನೆಲ್ಲ ಕೊಂಡು ಕರಗಿಸಿದರು. ಮೊದಲ ಸೆಂಟಿನ ಒಂದು ಬದಿಗೆ ಕೂದಲು ಕೆದರಿದ ಹೆಂಗಸು. ಅವಳ ಹೆಸರು ಸ್ವಾತಂತ್ರ್ಯ. ಇನ್ನೊಂದು ಬದಿಗೆ ಸರಪಳಿ. ರಾಜ್ಯಗಳ ಒಗ್ಗಟ್ಟು ಅದರ ಅರ್ಥವಂತೆ. ಸ್ವಾತಂತ್ರ್ಯದ ಬೆನ್ನಿಗೇ ಬೇಡಿಯಾ ಎಂದು ಜನ ಆಡಿಕೊಂಡರು. ಸರಪಳಿ ಬೇಗ ಹೋಯಿತು.

ಆ ಸೆಂಟು ನೀರಾವರಿ ಆಫೀಸಿನ ಎಫ್‌ಡಿಎ ಗುಮಾಸ್ತನೊಬ್ಬನ ಕೈಗೆ ಸಿಗುವಂಥದ್ದಲ್ಲ. ವೀರೇಶ ಅದರ ಕಲರ್ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದ. ಆಮೇಲಿನ ವರ್ಷಗಳ ಸವೆದ ಸೆಂಟುಗಳನ್ನು ಮಾತ್ರ ಆನ್‌ಲೈನಿನಲ್ಲಿ ಒಂದೊಂದಾಗಿ ತರಿಸಿಕೊಳ್ಳುತ್ತಿದ್ದ. ಆಗಿನವರು ಅಚ್ಚು ಬಿರುಕು ಬಿಟ್ಟರೂ ಎಸೆಯದೆ ಅದರಲ್ಲೇ ಹೊಡೆಯುತ್ತಿದ್ದರು. ಆ ಬಿರುಕು ನಾಣ್ಯದ ಮೇಲೆ ಕೂದಲೆಳೆಯಂತೆ ಏಳುತ್ತದೆ. ಗೆರೆ ಉದ್ದವಾದಷ್ಟೂ ನಾಣ್ಯ ಆಮೇಲೆ ಹುಟ್ಟಿದ್ದು.

"ನೋಡ್ ದೀಪಾ, ಇಂವ ಅಣ್ಣ, ಇಂವ ತಮ್ಮ," ಎಂದು ಭೂತಗನ್ನಡಿಯನ್ನು ನನ್ನ ಮೂಗಿಗೇ ಹಿಡಿಯುತ್ತಿದ್ದ.

"ನಾ ಮಸ್ಕಿಯಾಕಿ ಇದ್ದೀನ್ರೀ. ನಮ್ಮೂರಾಗ ಅಶೋಕನ ಕಲ್ಲೈತಿ. ಎರಡು ನೂರು ವರ್ಷಕ್ಕ ಇಷ್ಟು ಸಡಗರಾ?"

(ಗುಲಬರ್ಗಾದಲ್ಲಿ ಇತಿಹಾಸದ ಎಂ.ಎ. ಮಾಡಿದ ಸೊಕ್ಕು ಅದು. ಅವನು ಅದಕ್ಕೆಂದೂ ಸೋಲಲಿಲ್ಲ.)

೩
ಈಗ ಒಂದು ವಿಷಯ ನಿಮಗೆ ತಿಳಿದಿರಲೇಬೇಕು. ಹಳೆಯ ತಾಮ್ರದ ನಾಣ್ಯದ ಬೆಲೆ ಇರುವುದು ಅದರ ಕಂದುಬಣ್ಣದಲ್ಲಿ. ಗಾಳಿ ಎರಡು ಶತಮಾನ ಕೂತು ಬಳಿದ ಬಣ್ಣ ಅದು. ಒಮ್ಮೆ ತಿಕ್ಕಿದರೆ ಸಂಗ್ರಹಕಾರರು ಅದರತ್ತ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ನಮ್ಮ ಮನೆಯಲ್ಲಿ ಎರಡು ಕಾನೂನು: ಅಂಚು ಹಿಡಿದು ಎತ್ತಬೇಕು, ತೊಳೆಯಬಾರದು.

೪
ವೀರೇಶನ ಗೆಳೆಯ ಮುಷರಫ್ ಲಿಂಗಸುಗೂರಿನ ಬಸ್‌ಸ್ಟ್ಯಾಂಡ್ ಹತ್ತಿರ ವಾಚು ರಿಪೇರಿ ಮಾಡುತ್ತಾನೆ. ಅವನಿಗೂ ಇದೇ ಹುಚ್ಚು. ಹೈದರಾಬಾದಿನ ಒಬ್ಬರು ವೀರೇಶನ ನಾಣ್ಯಗಳ ಇಡೀ ಡಬ್ಬಿ ಕೊಳ್ಳುತ್ತಾರೆಂದು ಸುದ್ದಿ ತಂದವನು ಅವನೇ. ಷರತ್ತು ಒಂದೇ: ಯಾವುದನ್ನೂ ತಿಕ್ಕಿರಬಾರದು. ಮಸ್ಕಿಯಲ್ಲಿರುವ ನನ್ನ ಅಣ್ಣ ಅಷ್ಟಕ್ಕೇ ಎಲ್ಲ ತೀರ್ಮಾನಿಸಿಬಿಟ್ಟ. ನಾಣ್ಯ ಮಾರುವುದು, ಬಂದದ್ದರಲ್ಲಿ ನಾನು ಬಿ.ಎಡ್. ಮಾಡುವುದು, ಸಿಂಧನೂರು ಬಿಟ್ಟು ಮಸ್ಕಿಗೆ ಬಂದುಬಿಡುವುದು. ಡಬ್ಬಿ ಹೋದ ದಿನ ನಾನೂ ಹೋಗುವುದೆಂದಾಯಿತು.

ನಾನು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಆ ವರ್ಷವೆಲ್ಲ ಇಟ್ಟಲ್ಲಿ ಇರುತ್ತಿದ್ದೆ.

ಮುಷರಫ್ ಸುದ್ದಿ ತಂದಾಗ ಅತ್ತೆ ಮುದುಕಮ್ಮನೂ ಅಲ್ಲೇ ಇದ್ದರು. ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಮುಷರಫ್ ಹೇಳಿದ ಷರತ್ತು ಅವರ ಕಿವಿಗೆ ಬಿತ್ತೋ ಇಲ್ಲವೋ.

(ಈ "ಇಲ್ಲವೋ" ಮೇಲೆಯೇ ಕಥೆ ನಿಂತಿದೆ. ನಾನೂ ಅಲ್ಲೇ ನಿಂತಿದ್ದೇನೆ.)

೫
ಹಿರಿಯರ ಅಮಾವಾಸ್ಯೆ. ತೀರಿಕೊಂಡವರ ಫೋಟೋದ ಮುಂದೆ ಅವರು ಮೆಚ್ಚಿದ್ದನ್ನೆಲ್ಲ ಇಟ್ಟು ಎಡೆ ಹಿಡಿಯುವ ದಿನ. ವೀರೇಶ ಹಿರಿಯರ ಸಾಲಿಗೆ ಸೇರಿದ ಮೊದಲ ವರ್ಷ. (ಅವನಿಗೆ ಮೂವತ್ತನಾಲ್ಕು. ಎಂಥ ಹಿರಿಯ!) ನಾನು ಹೂವು ತರಲು ಹೋಗಿದ್ದೆ. ಬಂದು ನೋಡಿದರೆ ಫೋಟೋದ ಮುಂದೆ ಪುಂಡಿಪಲ್ಯ, ಮಿರ್ಚಿ, ಗಂಗಾಳದ ತುಂಬ ಅಮೆರಿಕದ ಸೆಂಟುಗಳು. ಹೊಸ ತಂಬಿಗೆಯಂತೆ ಹಸಿ ಕೆಂಪು. ಬಚ್ಚಲಲ್ಲಿ ಹುಣಸೆಹಣ್ಣು, ಉಪ್ಪು.

"ಅತ್ತಿ, ಏನ್ ಮಾಡೀರಿ ಇದು?"

"ತೊಳದೀನಿ."

"ತೊಳೀಬಾರ್ದಂತ ಅವರು ಹೇಳಿರ್ಲಿಲ್ಲೇನ್ರೀ?"

"ಹೇಳಿದ್ದ. ಆವಾಗ ಜೀವಂತ ಇದ್ದ. ಕಿಲುಬು ಹಿಡದಿದ್ದನ್ನ ಹಿರ್ಯಾರ ಮುಂದ ಇಡ್ತಾರೇನ್ ಬೇ? ಬಾ, ಹೂವು ಏರ್ಸು."

ಮೂರನೆಯ ದಿನ ಮುಷರಫ್ ಬಂದ. ಡಬ್ಬಿ ತೆರೆದ. ಮುಚ್ಚಿದ. ಮತ್ತೆ ತೆರೆದ.

"ಯಾ ಅಲ್ಲಾ! ಭಾಭಿ, ಮದುವಿ ಹೆಣ್ಣಿನಂಗ ಮಾಡ್ಯಾರಲ್ರೀ!"

ಅತ್ತೆ ಚಹಾ ತಂದಿಟ್ಟರು. "ಈಗ ಥಳಥಳ ಅಂತಾವ. ಹೊಸಾವು ಅಂತ ಹೇಳಿ ಕೊಡೋ."

"ಅಮ್ಮಾ, ಎರಡು ನೂರು ವರ್ಷದ ಬಣ್ಣಾನ ಒಂದು ಮುಂಜಾನ್ಯಾಗ ತಗದುಬಿಟ್ಟೀರಿ. ಆ ಸಾಹೇಬ್ರು ಇವನ್ನ ಇನ್ನ ಮುಟ್ಟಂಗಿಲ್ಲ."

"ಮುಟ್ಟದಿದ್ರ ಬಿಡು. ನಮ್ಮ ಸೊಸಿ ಮುಟ್ತಾಳ."

೫, ಮತ್ತೆ
ಮೊದಲ ಡ್ರಾಫ್ಟಿನಲ್ಲಿ ನಾನು ಇಲ್ಲಿ ಅತ್ತುಬಿಟ್ಟಿದ್ದೆ. ಸುಳ್ಳು. ವಿಧವೆ ಎಂದರೆ ಪೆನ್ನು ತಾನಾಗಿ ಅಳುತ್ತದೆ, ಅದರ ಅಭ್ಯಾಸ ಅದು. ನಡೆದದ್ದೇನೆಂದರೆ, ನನಗೆ ನಗು ಬಂತು. ಮುಷರಫ್ ಗಾಬರಿಯಾಗುವಷ್ಟು. ಒಂದು ನಾಣ್ಯವನ್ನು ಎತ್ತಿಕೊಂಡೆ, ಅಂಚು ಹಿಡಿದಲ್ಲ, ಅಂಗೈ ತುಂಬ. ತಾಮ್ರ ಬೆಚ್ಚಗಾಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ.

ಕೊಳ್ಳುವವರಿಲ್ಲ. ಕಾಯಬೇಕಾದದ್ದೂ ಇಲ್ಲ. ಎದೆಯ ಮೇಲಿಂದ ಯಾರೋ ಎದ್ದುಹೋದಂತಾಯಿತು.

೬
ವೀರೇಶನಿಗೂ ಒಂದು ಮಾತು ಕೊಡಬೇಕಲ್ಲ ಎಂದು "ಅವ್ವಾ, ಹಾಳು ಮಾಡಿದಿ" ಎಂದು ಬರೆದೆ. ಅವನು ಒಪ್ಪಲಿಲ್ಲ. ಪಾತ್ರಗಳು ಹೀಗೆಯೇ, ಸತ್ತ ಮೇಲೂ ತಮ್ಮದೇ ಹಟ. "ಬಿರುಕು ಐತೇನ್ ನೋಡು ಮೊದ್ಲ," ಅಂದ. ನೋಡಿದೆ. ಅಣ್ಣ ನಾಣ್ಯಕ್ಕೂ ಇದೆ, ತಮ್ಮ ನಾಣ್ಯಕ್ಕೂ ಇದೆ. ಹುಣಸೆಹಣ್ಣು ಅಷ್ಟು ಆಳಕ್ಕೆ ಹೋಗುವುದಿಲ್ಲ.

೭
ಇನ್ನು ಕೊನೆ. ನನ್ನ ಹತ್ತಿರ ಎರಡಿವೆ, ಬೇಕಾದ್ದು ಆರಿಸಿಕೊಳ್ಳಿ.

ಅ) ಅತ್ತೆಗೆ ಷರತ್ತು ಕೇಳಿಸಿತ್ತು. ಸೊಸೆ ಹೋಗದಿರಲೆಂದೇ ತಿಕ್ಕಿದರು. (ಕಣ್ಣೊರೆಸಿಕೊಳ್ಳುವ ಓದುಗರಿಗೆ.)

ಆ) ಕೇಳಿಸಿರಲಿಲ್ಲ. ಮಗನ ಎಡೆ ಚೊಕ್ಕಟವಿರಲೆಂದು ತಿಕ್ಕಿದರು, ಅಷ್ಟೆ. (ಕಣ್ಣೊರೆಸಿಕೊಳ್ಳದ ಓದುಗರಿಗೆ.)

ಎರಡನ್ನೂ ಅತ್ತೆಗೆ ಓದಿ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಗೊತ್ತಿತ್ತು ಅಂತ ಬರದ್ರ ನಾ ಕಳ್ಳಿ ಆಗ್ತೀನಿ. ಗೊತ್ತಿರ್ಲಿಲ್ಲ ಅಂತ ಬರದ್ರ ದಡ್ಡಿ. ಎರಡೂ ತಗದುಹಾಕು."

"ಮತ್ತೇನ್ ಬರೀಲ್ರೀ?"

"ನನ್ನ ಬಾಯಾಗ ಆಗ್ಲೇ ಬಾಳ ಮಾತು ಹಾಕೀದಿ, ಅಷ್ಟು ಮಾತಿನಾಕಿ ಅಲ್ಲ ನಾ." ರೊಟ್ಟಿ ಹಂಚಿಗೆ ಬಿತ್ತು. ಅದರ ಮೇಲೆ ನೀರು ಸವರುತ್ತ, ನನ್ನತ್ತ ನೋಡದೆ ಹೇಳಿದರು: "ಹೋಗಾಕಿ ಇದ್ರ ಹೋಗು. ನಿನಗ ಹೋಗಬೇಕಂತ ಅನ್ಸಿದ್ರ ಹೋಗು. ಯಾವನೋ ಡಬ್ಬಿ ತಗೊಂಡಾನ ಅಂತ ಹೋಗಬ್ಯಾಡ."

ಬರೆಯುವವಳು ನಾನು. ಎಂ.ಎ. ಮಾಡಿದವಳೂ ನಾನು. ಆದರೂ ಅ, ಆ ಎರಡೂ ಇಲ್ಲೇ ಉಳಿದಿವೆ, ಹೊಡೆದುಹಾಕಲು ಮನಸ್ಸಾಗಲಿಲ್ಲ. ನಿಜ ಯಾವುದೆಂದು ಕೇಳುವುದೂ ಇಲ್ಲ. ಕೇಳಿದರೆ ಅವರು ಹೇಳಿಬಿಟ್ಟಾರು.

೮
ಇಷ್ಟು ಬರೆಯುವಾಗ ಮಸ್ಕಿಯಿಂದ ಫೋನು.

"ಡಬ್ಬಿ ಹೋತೇನವಾ?"

"ಇಲ್ಲಣ್ಣಾ. ಅತ್ತಿ ತೊಳದುಬಿಟ್ಟಾರ. ಇನ್ನ ಯಾರೂ ತಗೊಳ್ಳಂಗಿಲ್ಲ."

ಅಣ್ಣ ಇಡೀ ವರ್ಷದಲ್ಲಿ ಯಾರೂ ಕೇಳದಿದ್ದದ್ದನ್ನು, ಬೇರೆ ಏನೂ ತೋಚದೆ, ಕೇಳಿದ: "ಹಂಗಾದ್ರ... ನೀ ಏನ್ ಮಾಡ್ತೀ?"

ಒಳಗೆ ಅತ್ತೆ ಪಾತ್ರೆ ತೊಳೆಯುತ್ತಿದ್ದರು. ನಲ್ಲಿ ನಿಂತಿತು.

ನಾನು ಉತ್ತರ ಹೇಳಿದೆ. ಅದನ್ನು ಇಬ್ಬರು ಕೇಳಿಸಿಕೊಂಡರು. ಓದುಗರೇ, ಕ್ಷಮಿಸಿ, ಆ ಇಬ್ಬರಲ್ಲಿ ನೀವಿಲ್ಲ.

ನಲ್ಲಿ ಮತ್ತೆ ಶುರುವಾಯಿತು.