ಆಷಾಢ ಮುಗಿಯುವ ತನಕ

ವೈಜಯಂತಿಗೆ ಪಿಯುಸಿಯಲ್ಲಿ ನೂರಕ್ಕೆ ತೊಂಬತ್ತೊಂದು ಬಂದ ದಿನ ಕಲಬುರಗಿಯ ಗಾಜಿಪುರದ ಅವರ ಓಣಿಯವರೆಲ್ಲ ಪೇಢೆ ತಿಂದರು. ತಾಯಿ ಇಂದೂಬಾಯಿ ಮಾತ್ರ ಮರುದಿನ ಬೆಳಿಗ್ಗೆಯಿಂದಲೇ ಇನ್ನೊಂದು ಕಾಲೇಜು ಹುಡುಕತೊಡಗಿದಳು.

ಮಗಳಿಗೆ ಬೇಕಾದದ್ದು ಇಂಜಿನಿಯರಿಂಗ್. ಸರ್ಕಾರಿ ಸೀಟು ಸಿಕ್ಕರೆ ಸರಿ, ಸಿಗದಿದ್ದರೆ? ಗಂಡ ನರಸಿಂಹಾಚಾರ್ಯರು ಖಾಸಗಿ ಶಾಲೆಯಲ್ಲಿ ಸಂಸ್ಕೃತ ಮಾಸ್ತರರು. ಡೊನೇಶನ್ ಕೊಟ್ಟು ಓದಿಸುವ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಅಷ್ಟರಲ್ಲಿ ಯಾರೋ ಹೇಳಿದರು: ಕಮಲಾಪುರದಲ್ಲಿ ಹೆಣ್ಣುಮಕ್ಕಳಿಗೆಂದೇ ಹೊಸ ಟಿಸಿಎಚ್ ಕಾಲೇಜಾಗಿದೆ, ಅರ್ಜಿ ಹಾಕಿದವರಲ್ಲಿ ಎಲ್ಲರಿಗಿಂತ ಹೆಚ್ಚು ಅಂಕ ಬಂದವಳಿಗೆ ಒಂದು ಸೀಟು ಪೂರ್ತಿ ಮಾಫಿ, ಫೀಸಿಲ್ಲ, ಪುಸ್ತಕ ಅವರದೇ, ಹಾಸ್ಟೆಲ್ಲೂ ಅವರದೇ. ಎರಡು ವರ್ಷ ಓದಿದರೆ ಪ್ರಾಥಮಿಕ ಶಾಲೆಯ ಮಾಸ್ತರಿಕೆಗೆ ದಾರಿ.

"ಇಂಜಿನಿಯರ್ ಆಗೋ ಹುಡುಗಿಗಿ ಅ ಆ ಇ ಈ ಕಲಸಾಕ ಕಳಸ್ತೀಯೇನು?" ಎಂದು ಆಚಾರ್ಯರು ನಕ್ಕರು. "ಒಂದು ಕಾಲು ಗಾಜಿಪುರದಾಗ, ಒಂದು ಕಾಲು ಕಮಲಾಪುರದಾಗ. ನಡುವ ಬಿದ್ದೀ ಮತ್ತ."

"ನಿಮಗ ತಿಳೀದು, ಸುಮ್ಮನಿರ್ರಿ."

ಅವರಿಗೆ ನಿಜವಾಗಿಯೂ ತಿಳಿಯುತ್ತಿರಲಿಲ್ಲ. ಇಂದೂಬಾಯಿ ಮೆಟ್ರಿಕ್ ಮುಗಿಸಿದಾಗ ಅವಳ ಅಪ್ಪ ಹೈದರಾಬಾದಿನ ಒಂದೇ ಕಾಲೇಜಿಗೆ ಅರ್ಜಿ ಹಾಕಿದ್ದರು. ಸಿಗಲಿಲ್ಲ. ಇನ್ನೊಂದಕ್ಕೆ ಹಾಕೋಣ ಎನ್ನುವಷ್ಟರಲ್ಲಿ ಗಂಡಿನ ಕಡೆಯವರು ಬಂದು ಹೋಗಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅವಳು ಆ ಎರಡನೆಯ ಅರ್ಜಿಯನ್ನು ಮನಸ್ಸಿನಲ್ಲೇ ತುಂಬುತ್ತ ಬಂದಿದ್ದಳು. ರೊಟ್ಟಿ ಬಡಿಯುವಾಗ ತುಂಬುತ್ತಿದ್ದಳು, ಮಡಿ ಬಟ್ಟೆ ಒಣಹಾಕುವಾಗ ತುಂಬುತ್ತಿದ್ದಳು. ಈಗ ಅದನ್ನು ಮಗಳ ಹೆಸರಿನಲ್ಲಿ ತುಂಬಿದಳು.

ಜೂನ್ ಕೊನೆಯಲ್ಲಿ ತಾಯಿ ಮಗಳು ಕಮಲಾಪುರಕ್ಕೆ ಹೋದರು. ಕಾಲೇಜಿನ ಆಫೀಸಿನಲ್ಲಿ ಕಲ್ಯಾಣಪ್ಪ ಎಂಬ ಗುಮಾಸ್ತ ಪಟ್ಟಿ ತೆಗೆದು ಓದಿದ. ಮಾಫಿ ಸೀಟು ವೈಜಯಂತಿಗೆ. ಎರಡನೆಯ ಹೆಸರು ಮೆಹಬೂಬಿ, ಎಂಬತ್ತೇಳು. ಆ ಹುಡುಗಿ ತಾಯಿಯ ಜೊತೆ ಅಲ್ಲೇ ಬಾಗಿಲ ಬಳಿ ನಿಂತಿದ್ದಳು. ತನ್ನ ಹೆಸರು ಎರಡನೆಯದಾಗಿ ಬಂದಾಗ ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ಜುಲೈ ಮೂವತ್ತೊಂದರೊಳಗ ಬಂದು ಸೇರಬೇಕ್ರೀ," ಎಂದ ಕಲ್ಯಾಣಪ್ಪ. "ಬ್ಯಾಡಾದ್ರ ಅಷ್ಟರೊಳಗ ಬರದು ಕೊಡ್ರಿ. ಎರಡನೇದಾಕಿಗಿ ಹೋಗ್ತದ."

ಹೊರಗೆ ಆ ಹುಡುಗಿಯ ತಾಯಿ ರೋಷನಬಿ ಹಿಂದೆಯೇ ಬಂದಳು. ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುವವಳು.

"ಅಕ್ಕಾ, ಒಂದು ಮಾತು. ನಿಮ್ಮ ಮಗಳು ಭಾಳ ಹುಷಾರ ಅದಾಳ. ಆಕಿಗಿ ಕಲಬುರ್ಗಿದಾಗೇ ದೊಡ್ಡ ಕಾಲೇಜ್ ಸಿಗ್ತದ. ಸಿಕ್ರ ಒಂದು ಚೀಟಿ ಬರದು ಹಾಕ್ರಿ. ನಮ್ಮ ಮನ್ಯಾವ್ರು ಅಂದಾರ, ಬಿಟ್ಟಿ ಸೀಟು ಸಿಕ್ರ ಓದಲಿ, ಇಲ್ಲಂದ್ರ ನಿಕಾಹ್ ಮಾಡಿ ಮುಗಸ್ತೀನಿ ಅಂತ."

"ಹಾಕ್ತೀನಿ ತಾಯಿ. ಖಂಡಿತ ಹಾಕ್ತೀನಿ." ಅದು ಬಾಯಿಮಾತಾಗಿರಲಿಲ್ಲ. ಆ ಗಳಿಗೆಯಲ್ಲಿ ಇಂದೂಬಾಯಿಗೆ ಹಾಗೇ ಅನ್ನಿಸಿತ್ತು.

ಜುಲೈ ಇಪ್ಪತ್ತೆರಡಕ್ಕೆ ವೈಜಯಂತಿಗೆ ಕಲಬುರಗಿಯಲ್ಲೇ ಇಂಜಿನಿಯರಿಂಗಿನ ಸರ್ಕಾರಿ ಸೀಟು ಬಂತು. ಆಗಸ್ಟ್ ಹತ್ತರೊಳಗೆ ಸೇರಬೇಕಿತ್ತು. ಅಂದೇ ಸಂಜೆ ಅವಳು ಕಮಲಾಪುರಕ್ಕೆ ಚೀಟಿ ಬರೆದು ಸಹಿ ಹಾಕಿ ಅವ್ವನ ಕೈಯಲ್ಲಿಟ್ಟಳು. "ನಾಳೇನೇ ಪೋಸ್ಟ್ ಮಾಡವಾ. ಆ ಹುಡುಗಿ ಕಾಯಾಕತ್ತಿರ್ತಾಳ."

"ಮಾಡ್ತೀನಿ."

ಮಾಡಲಿಲ್ಲ. ಆ ವರ್ಷ ಆಷಾಢ ಆಗಸ್ಟ್ ಏಳರ ತನಕ ಇತ್ತು. ಆಷಾಢದಲ್ಲಿ ಹೊಸದಕ್ಕೆ ಕೈಹಾಕಬಾರದು, ಕೈಯಲ್ಲಿದ್ದದ್ದನ್ನು ಬಿಡಬಾರದು ಎಂಬುದು ಇಂದೂಬಾಯಿಯ ತವರಿನ ಕಟ್ಟುನಿಟ್ಟು. ಇಂಜಿನಿಯರಿಂಗ್ ಕಾಲೇಜಿನ ಹೊಸ್ತಿಲು ತುಳಿಯುವುದು ಶ್ರಾವಣದ ಮೊದಲ ದಿನ. ಅದಾಗುವ ತನಕ ಕಮಲಾಪುರದ ಸೀಟನ್ನು ಬಿಡುವುದು ಹೇಗೆ? ನಡುವೆ ಏನಾದರೂ ಆಗಿ ಈ ಸೀಟು ತಪ್ಪಿದರೆ? ಚೀಟಿಯನ್ನು ದೇವರ ಕೋಣೆಯಲ್ಲಿ ಪಂಚಾಂಗದ ಒಳಗಿಟ್ಟಳು.

ಮೂವತ್ತೊಂದು ಎಂಬ ತಾರೀಖು ಅವಳಿಗೆ ಮರೆತಿರಲಿಲ್ಲ. ದಿನಾ ತಿಥಿ ನೋಡಲು ಪಂಚಾಂಗ ತೆರೆದಾಗ ಚೀಟಿ ಕಾಣುತ್ತಿತ್ತು. ಒಂದು ವಾರ ಹಿಂದುಮುಂದಾದರೆ ಯಾರು ಕೇಳುತ್ತಾರೆ, ಗುಮಾಸ್ತನಿಗೆ ಕೈಮುಗಿದು ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು. ಅದರ ಕೆಳಗೆ ಇನ್ನೊಂದು ಮಾತಿತ್ತು. ಮಗಳಿಗೆ ಎರಡು ಕಾಲೇಜು ಕಾಯುತ್ತಿವೆ ಎನ್ನುವ ಸುಖವನ್ನು ಇನ್ನೂ ನಾಲ್ಕು ದಿನ ಉಣ್ಣುವ ಆಸೆ ಅವಳಿಗೆ. ತನಗೆ ಒಂದೂ ಇರಲಿಲ್ಲ. ಆ ಸುಖದ ಮುಂದೆ ದುಪಟ್ಟಾ ಸುತ್ತುತ್ತಿದ್ದ ಹುಡುಗಿಯ ಮುಖ ಮಸುಕಾಯಿತು.

ಶ್ರಾವಣದ ಮೊದಲ ದಿನ ವೈಜಯಂತಿ ಇಂಜಿನಿಯರಿಂಗಿಗೆ ಸೇರಿದಳು. ಮರುದಿನ ಇಂದೂಬಾಯಿ ಜಗತ್ ಸರ್ಕಲ್ಲಿನಲ್ಲಿ ಅರಿಷಿಣ ಕುಂಕುಮ ತರುತ್ತೇನೆಂದು ಹೇಳಿ ಹೊರಟು ಕಮಲಾಪುರದ ಬಸ್ಸು ಹತ್ತಿದಳು.

ಕಲ್ಯಾಣಪ್ಪ ಚೀಟಿಯ ಮೇಲಿನ ತಾರೀಖು ನೋಡಿದ. ಆಮೇಲೆ ಅವಳನ್ನು ನೋಡಿದ.

"ಇಪ್ಪತ್ತೆರಡಕ್ಕ ಬರದೀರಿ, ಇವತ್ತು ತಂದೀರಿ?"

"ಆಷಾಢ ಇತ್ತಲ್ರೀ ಅಣ್ಣಾ. ಈಗರೆ ಆ ಹುಡುಗಿಗಿ ಕೊಟ್ಟುಬಿಡ್ರಿ."

"ಹ್ಯಾಂಗ ಕೊಡ್ಲಿರೀ? ಪಟ್ಟಿ ಇಲಾಖೆಗಿ ಹೋಗಿ ಎಂಟು ದಿನ ಆತು. ಆ ಸೀಟಿನ ಮುಂದ ನಿಮ್ಮ ಮಗಳ ಹೆಸರೇ ಅದ, ಗೈರುಹಾಜರಿ ಅಂತ." ಆತ ಚೀಟಿಯನ್ನು ಮಡಿಚಿ ಮೇಜಿನ ಮೇಲೆ ಹಿಂದಕ್ಕೆ ಸರಿಸಿದ. "ತಾಯಿ, ಆ ಹುಡುಗಿ ಅವ್ವ ಮೂವತ್ತೊಂದಕ್ಕ ಸಂಜಿ ಆರರ ತನಕ ಇಲ್ಲೇ ಬಾಕಿನ ಮ್ಯಾಲ ಕುಂತಿದ್ಳು. ಬಾಗಿಲ ಹಾಕೂ ಮುಂದ, ಸೀಟು ಮದಲನೇದಾಕಿ ಹೆಸರಿಗೇ ಹೋತು ಅಂತ ಅಷ್ಟೇ ಹೇಳಿ ನಾನೇ ಎಬ್ಬಿಸಿ ಕಳಿಸ್ದೆ."

"ಮತ್ತ ಆ ಸೀಟು?"

"ಖಾಲಿ. ಎರಡೂ ವರ್ಷ ಖಾಲಿ."

ಬಸ್ ಸ್ಟ್ಯಾಂಡಿಗೆ ಹೋಗದೆ ಊರಿಗೆ ಮರಳುವ ದಾರಿಯಿರಲಿಲ್ಲ. ಸೆರಗನ್ನು ತಲೆ ತುಂಬ ಹೊದ್ದು ಹೊರಟಳು. ಆದರೂ ರೋಷನಬಿ ದೂರದಿಂದಲೇ ಗುರುತು ಹಿಡಿದಳು.

"ಅಕ್ಕಾ! ಇಲ್ಲೇ ಬರ್ರೀ, ನೆರಳಿಗಿ ಬರ್ರೀ. ಮಗಳನ್ನ ನೋಡಾಕ ಬಂದಿದ್ರೇನು? ದಿನಾ ಬಸ್ ಇಳಿಯೋ ಹುಡುಗ್ಯಾರನ್ನ ನೋಡ್ತೀನಿ, ಆಕಿ ಕಾಣಂಗಿಲ್ಲ. ಹಾಸ್ಟೆಲ್ನಾಗ ಇಟ್ಟೀರಿ ಹೌದಲ್ಲ? ಛಲೋ ಮಾಡಿದ್ರಿ." ಮಾತಿನ ನಡುವೆಯೇ ಗಿರಾಕಿಯೊಬ್ಬನಿಗೆ ಹಣ್ಣು ಕೊಟ್ಟು ಕಳಿಸಿದಳು. "ನಮ್ಮಾಕಿದು ನಿಕಾಹ್ ಗೊತ್ತಾತು. ಹುಡುಗ ಜಹೀರಾಬಾದದಾಂವ. ಸಫರ್ ತಿಂಗಳದಾಗ ನಿಕಾಹ್ ಬ್ಯಾಡಂತಾರ, ಅದು ಮುಗೀಲಿ ಅಂತ ತಡದಿದ್ವಿ. ಇದೇ ಇಪ್ಪತ್ತಕ್ಕ."

ಇಂದೂಬಾಯಿ ಬುಟ್ಟಿಯ ಪಕ್ಕ ಕುಳಿತಳು. "ನನ್ನ ಮಗಳು ಇಲ್ಲಿ ಸೇರಲಿಲ್ಲ ರೋಷನಬಿ. ಆಕಿಗಿ ಕಲಬುರ್ಗಿದಾಗ ಸಿಕ್ತು. ಚೀಟಿ ಆಕಿ ಅವತ್ತೇ ಬರದಿದ್ಳು. ನಾನು ಇಟ್ಟುಕೊಂಡೆ."

ರೋಷನಬಿಯ ಕೈ ಹಣ್ಣಿನ ಮೇಲೆ ನಿಂತಿತು.

"ಸೀಟು ಯಾರಿಗಿ ಹೋತು?"

"ಯಾರಿಗೂ ಇಲ್ಲ."

ಬಸ್ಸೊಂದು ಬಂದು ಜನರನ್ನು ಇಳಿಸಿ ಹೋಯಿತು. ರೋಷನಬಿ ಒಬ್ಬರನ್ನೂ ಕೂಗಿ ಕರೆಯಲಿಲ್ಲ. ಬೈಯುತ್ತಾಳೆಂದು ಇಂದೂಬಾಯಿ ಕಾದಳು. ಬೈದರೆ ಸಾಕು ಅನ್ನಿಸುತ್ತಿತ್ತು.

"ನನಗ ಯಾಕ ಹೇಳಿದ್ರಿ?" ಎಂದಳು ರೋಷನಬಿ ಕಡೆಗೆ. "ನಿಮ್ಮ ಮಗಳು ಓದಾಕತ್ಯಾಳ, ಅದು ಆಕಿ ನಸೀಬ ಅಂತ ನಾ ಸಮಾಧಾನ ಆಗಿದ್ದೆ. ನನ್ನ ಮಗಳಿಗೂ ಹಂಗೇ ಹೇಳೀನಿ. ನಿನ್ನಕಿಂತ ಹುಷಾರಾಕಿಗಿ ಹೋಗ್ಯಾದ, ಅಳಬ್ಯಾಡ ಅಂತ. ಅದಕ್ಕೇ ಆಕಿ ಸುಮ್ಮನಾಗ್ಯಾಳ." ಕಣ್ಣೆತ್ತಿ ರಸ್ತೆಯ ಕಡೆ ನೋಡಿದವಳೇ ದನಿ ತಗ್ಗಿಸಿದಳು. "ಬಂದ್ಳು. ಆಕಿ ಮುಂದ ಏನೂ ಅನಬ್ಯಾಡ್ರಿ. ನಿಮ್ಮ ಕೈಮುಗೀತೀನಿ."

ಮೆಹಬೂಬಿ ತಾಯಿಗೆ ಊಟದ ಡಬ್ಬಿ ತಂದಿದ್ದಳು. ಇಂದೂಬಾಯಿಯನ್ನು ಕಂಡು ಅವಳ ಮುಖ ಅರಳಿತು.

"ವೈಜಯಂತಿ ಹ್ಯಾಂಗದಾಳ್ರೀ? ಕ್ಲಾಸು ಹ್ಯಾಂಗ ನಡದಾವ?"

"ಛಲೋ ನಡದಾವ," ಎಂದಳು ಇಂದೂಬಾಯಿ.

"ಮಕ್ಕಳ ಮನಸ್ಸಿನ ಬಗ್ಗೇನೇ ಒಂದು ಪುಸ್ತಕ ಇರ್ತದಂತಲ್ರೀ? ನಮ್ಮ ಸಾಲಿ ಟೀಚರ್ ಹೇಳಿದ್ರು. ಅದರಾಗ ಏನಿರ್ತದ್ರೀ? ಆಕಿ ಏನರೆ ಹೇಳ್ಯಾಳೇನು?"

ರೋಷನಬಿ ತಲೆ ತಗ್ಗಿಸಿ ಡಬ್ಬಿಯ ಮುಚ್ಚಳದ ಜೊತೆ ಒದ್ದಾಡುತ್ತಿದ್ದಳು. ಅದು ಆಗಲೇ ತೆರೆದಿತ್ತು.

"ಹೇಳ್ಯಾಳ," ಎಂದಳು ಇಂದೂಬಾಯಿ. ಆ ಪುಸ್ತಕವನ್ನು ಅವಳು ಕಣ್ಣಿನಿಂದಲೂ ಕಂಡವಳಲ್ಲ. ಹುಡುಗಿ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತು, ಕ್ಲಾಸಿನಲ್ಲಿ ಕುಳಿತವರ ಹಾಗೆ ಅವಳ ಮುಖವನ್ನೇ ನೋಡುತ್ತಿದ್ದಳು. "ಕೂಸು ಅಳೂ ಮುಂದ ಹೊಡೀಬಾರದಂತ. ಮದಲ ಬಾಜೂಕ ಕುಂದ್ರಿಸಿಕೊಳ್ಳಬೇಕಂತ. ಯಾಕ ಅಳಾಕತ್ತೀ ಅಂತ ಕೇಳಬೇಕಂತ."

"ಮತ್ತ?" ಎಂದಳು ಮೆಹಬೂಬಿ.

ಕಲಬುರಗಿಯ ಬಸ್ಸು ಬಂದು ನಿಂತಿತು. ಇಂದೂಬಾಯಿ ಏಳಲಿಲ್ಲ. ಮುಂದಿನದನ್ನು ಹೇಳತೊಡಗಿದಳು.