ಒಲ್ಲದ ಕೈ

ಸಿಂಧನೂರಿನ ಆ ಎರಡು ಕೋಣೆಯ ಮನೆ ಎಚ್ಚರವಾಗುತ್ತಿದ್ದುದೇ ರೊಟ್ಟಿ ಬಡಿಯುವ ಸಪ್ಪಳಕ್ಕೆ. ರೇಣುಕಾದೇವಿ ದಿನಕ್ಕೆ ಎಂಟು ರೊಟ್ಟಿ ಮಾಡುತ್ತಿದ್ದಳು. ಅಕ್ಕಿ ಗಿರಣಿಯಲ್ಲಿ ಗುಮಾಸ್ತನಾಗಿದ್ದ ಗಂಡ ನರಸಣ್ಣನಿಗೆ ಬುತ್ತಿ ಕಟ್ಟಿ, ಒಂಬತ್ತೂವರೆಗೆಲ್ಲ ತನ್ನ ಅಂಗನವಾಡಿಯ ಬೀಗ ತೆಗೆಯಬೇಕು. ಒಂದೇ ಕೂಸು ಅನುಪಮಾ, ಮನೆಯವರಿಗೆ ಅನು. ಹತ್ತೊಂಬತ್ತು ವರ್ಷ, ಬಿ.ಎಸ್ಸಿ. ಎರಡನೇ ವರ್ಷ. ಅಪ್ಪನ ಹಳೆಯ ಚೌಕಳಿ ಅಂಗಿ ತೊಟ್ಟು ಒಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವುದು ಅದರ ರೂಢಿ.

ಆ ದಿನ ಬೆಳಗಿನ ಬಸ್ಸಿಗೇ ಮಸ್ಕಿಯಿಂದ ರೇಣುಕಾಳ ತಾಯಿ ಕರೆಮ್ಮ ಬಂದಳು. ಬಾಗಿಲಲ್ಲೇ ಮೊಮ್ಮಗುವನ್ನು ನೋಡಿ ಗಲ್ಲದ ಮೇಲೆ ಕೈಯಿಟ್ಟಳು.

“ಇದೇನು ಅವತಾರಲೇ? ಕೂದಲಾ ಎಲ್ಲಿ ಹೋದುವು?”

“ಶಕಿ ಆಗಾಕತ್ತಿತ್ತಮ್ಮಾ, ಕತ್ತರಿಸಿದೆ.”

“ಲಗ್ನದಾಗ ನನ್ನ ಮಗ ಎದಕ್ಕ ಹೂವಾ ಮುಡಸ್ಬೇಕು, ನಿನ್ನ ಕಿವಿಗೇನು? ಇರಲಿ ಬಿಡು, ಚೌರಿ ಹಾಕಿದ್ರಾತು.” ಕರೆಮ್ಮ ತಾನೇ ಆಡಿದ ಮಾತಿಗೆ ತಾನೇ ನಕ್ಕಳು. ಅನು ತಟ್ಟೆಯಲ್ಲಿದ್ದ ಅರ್ಧ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದುಹೋಯಿತು.

ಮದುವೆಯ ಮಾತು ಹೊಸದೇನಲ್ಲ. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ರೇಣುಕಾಳ ತಮ್ಮ ಕನಕರಾಜನಿಗೆ ಹತ್ತು ವರ್ಷ. ಬಳೆಗಾರ್ತಿ ಸರ್ದಾರಬಿ ತಂದ ಎರಡು ಪುಟ್ಟ ಕರಿಬಳೆಗಳನ್ನು ಅವನ ಕೈಯಿಂದಲೇ ಕೂಸಿಗೆ ತೊಡಿಸಿ, “ಇದು ನಿಂದೇ ನೋಡಪಾ” ಎಂದು ಎಲ್ಲರೂ ನಕ್ಕಿದ್ದರು. ಆ ನಗೆಯಲ್ಲಿ ರೇಣುಕಾಳದೂ ಇತ್ತು. ಸೋದರಮಾವನಿಗೆ ಕೊಟ್ಟರೆ ಮಗಳು ದೂರವಾಗುವುದಿಲ್ಲ, ತವರೂ ದೂರವಾಗುವುದಿಲ್ಲ. ಕನಕರಾಜನಿಗೆ ಈಗ ಕರೆಂಟಿನ ಇಲಾಖೆಯಲ್ಲಿ ನೌಕರಿ, ಕುಡಿತವಿಲ್ಲ, ಇಸ್ಪೀಟಿಲ್ಲ. ಹದಿನೆಂಟು ತುಂಬದ ಹುಡುಗಿಯರ ಮದುವೆಗಳನ್ನು ರೇಣುಕಾ ತಾನೇ ನಿಂತು ಮೂರು ಮನೆಗಳಲ್ಲಿ ತಪ್ಪಿಸಿದವಳು. ಇಲ್ಲಿ ಕಾಯ್ದೆಯ ಪ್ರಕಾರ ಎಲ್ಲವೂ ಸರಿಯಾಗಿತ್ತು.

ಆ ವಾರವೇ ಒಂದು ಮಧ್ಯಾಹ್ನ ಮಕ್ಕಳೆಲ್ಲ ಹೋದ ಮೇಲೆ ಅನು ಅಂಗನವಾಡಿಗೆ ಬಂದು, ಮಕ್ಕಳ ಕುರ್ಚಿಯ ಮೇಲೆ ಮೊಣಕಾಲು ಮಡಚಿ ಕೂತಿತು.

“ಮಮ್ಮಿ, ನಾ ಮದಿವಿ ಆಗಂಗಿಲ್ಲ.”

“ಯಾರರ ಮನಸಿನ್ಯಾಗ ಅದಾರೇನು?”

“ಯಾರೂ ಇಲ್ಲ. ನಾ ಹೆಣ್ಣು ಅಲ್ಲ ಮಮ್ಮಿ.”

ರೇಣುಕಾ ಕೈಯಲ್ಲಿದ್ದ ಕಸಬರಿಗೆಯನ್ನು ಕೆಳಗಿಟ್ಟಳು. “ಮತ್ತೇನು ಗಂಡೇನು?”

“ಅದೂ ಅಲ್ಲ. ಸಾಲ್ಯಾಗ ಹೆಣ್ಣಮಕ್ಕಳ ಸಾಲಿಗೆ ನಿಂದ್ರಿಸಿದ್ರ ಯಾರದೋ ಜಾಗಾದಾಗ ನಿಂತಂಗ ಅನಸ್ತಿತ್ತು. ಗಂಡಹುಡುಗರ ಸಾಲೂ ನಂದಲ್ಲ ಅನಸ್ತಿತ್ತು. ಇಷ್ಟು ದಿನಾ ನನಗ ಏನೋ ಆಗೇತಿ ಅಂತ ತಿಳಕೊಂಡಿದ್ದೆ. ನನ್ನಂಗ ಇನ್ನಾ ಮಂದಿ ಅದಾರ ಮಮ್ಮಿ.”

ಗಂಡು ಎಂದಿದ್ದರೆ ಅತ್ತಾದರೂ ಅತ್ತು ಅರ್ಥಮಾಡಿಕೊಳ್ಳುತ್ತಿದ್ದಳೇನೋ. ಗಂಡು ಎಂಬುದೊಂದು ಕಂಡ ದಾರಿ. ಎರಡೂ ಅಲ್ಲ ಎಂದರೆ ಕೂಸು ಎಲ್ಲಿ ನಿಂತಿದೆ ಎಂದೇ ಅವಳಿಗೆ ಕಾಣಲಿಲ್ಲ. “ಸುಮ್ಮನಿರು, ಮಂದಿ ಕೇಳ್ಯಾರು,” ಎಂದಳು. ತಾಯಿಯ ಬಾಯಿಂದ ಬಂದ ಮೊದಲ ಮಾತೇ ಅದಾಯಿತಲ್ಲ ಎಂದು ಆಮೇಲೆ ಎಷ್ಟೋ ಸಲ ಕೊರಗಿದಳು.

ಅನು ಸುಮ್ಮನಾಯಿತು. ಎಷ್ಟು ಸುಮ್ಮನಾಯಿತೆಂದರೆ ಮನೆಯಲ್ಲಿ ರೊಟ್ಟಿ ಎಂಟರಿಂದ ಏಳಕ್ಕೆ, ಏಳರಿಂದ ಆರಕ್ಕೆ ಇಳಿಯಿತು. ಕಾಲೇಜು ತಪ್ಪಿಸಿ ಗೋಡೆಗೆ ಮುಖ ಮಾಡಿ ಮಲಗತೊಡಗಿತು. ನರಸಣ್ಣ ಜ್ವರದ ಗುಳಿಗೆ ತಂದ. ಕರೆಮ್ಮ ಮಂತ್ರಿಸಿದ ದಾರ ಕಳಿಸಿದಳು.

ಕಡೆಗೆ ರೇಣುಕಾ ಕೂಸನ್ನು ಕರೆದುಕೊಂಡು ಲಿಂಗಸುಗೂರಿನ ಆಸ್ಪತ್ರೆಗೆ ಹೊರಟಳು. ಸಿಂಧನೂರಿನಲ್ಲಿ ಅಂಗನವಾಡಿ ಟೀಚರನ್ನು ಅರಿಯದವರಿಲ್ಲ. ಅಲ್ಲಾದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆದರೆ ಬಸ್ಸು ಹೋಗುವುದು ಮಸ್ಕಿಯ ಮೇಲೆಯೇ. ಅಲ್ಲಿ ನಿಂತ ಹತ್ತು ನಿಮಿಷ ತವರಿನವರು ಯಾರಾದರೂ ಕಂಡಾರೆಂದು ಸೆರಗನ್ನು ಹಣೆಯವರೆಗೆ ಎಳೆದುಕೊಂಡು, ಕಿಟಕಿಯಿಂದ ಸರಿದು ಕೂತಳು. ಹುಟ್ಟಿ ಬೆಳೆದ ಊರಿನಲ್ಲಿ ಕಳ್ಳಿಯ ಹಾಗೆ.

ಆಸ್ಪತ್ರೆಯ ಆಪ್ತ ಸಲಹೆಗಾರ್ತಿ ಮೇಘಾ ಚಿಕ್ಕ ವಯಸ್ಸಿನವಳು. ಅನುವಿನೊಂದಿಗೆ ಬಹಳ ಹೊತ್ತು ಒಬ್ಬಳೇ ಮಾತಾಡಿ, ಆಮೇಲೆ ತಾಯಿಯನ್ನು ಒಳಗೆ ಕರೆದಳು.

“ಗುಳಿಗಿ ಕೊಡ್ರಿ ಮೇಡಂ, ಹೆಂಗರ ಮಾಡಿ ಬರೋಬರಿ ಮಾಡ್ರಿ,” ಎಂದಳು ರೇಣುಕಾ.

“ಅದು ರೋಗ ಅಲ್ಲರೀ ಅಮ್ಮಾರ, ಬರೋಬರಿ ಮಾಡಾಕ. ಗಂಡು ಹೆಣ್ಣು ಎರಡರಾಗೂ ತಮ್ಮನ್ನ ಕಾಣದವ್ರು ಎಲ್ಲಾ ಊರಾಗೂ ಅದಾರ. ಬಾಯಿ ಬಿಡಂಗಿಲ್ಲ ಅಷ್ಟ. ಕೂಸು ಊಟ ಬಿಟ್ಟಿದ್ದು ತಾ ಹಿಂಗೈತಿ ಅಂತಲ್ಲ. ತನ್ನ ಮಾತು ಯಾರೂ ನಂಬವಲ್ರು ಅಂತ.”

“ಲಗ್ನ ಮಾಡಿದ್ರ ಮನಸು ತಿರುಗೂದಿಲ್ಲೇನ್ರಿ?”

“ಲಗ್ನ ಔಷಧಾ ಅಂತ ಯಾರು ಹೇಳಿದ್ರು ನಿಮಗ? ಒಲ್ಲದ ಲಗ್ನದಾಗ ಕೂಸೂ ಸಾಯ್ತೈತಿ ಒಳಗ, ನಿಮ್ಮ ತಮ್ಮನ ಬಾಳೂ ಹಾಳಾಕ್ಕೈತಿ.” ಮೇಘಾ ನೀರಿನ ಲೋಟವನ್ನು ಅವಳತ್ತ ಸರಿಸಿದಳು. “ಹದಿನೈದು ದಿನಕ್ಕೊಮ್ಮೆ ಕರಕೊಂಡು ಬರ್ರಿ. ಇಂಥಾ ಮಕ್ಕಳ ತಾಯಂದಿರು ಇನ್ನಿಬ್ಬರು ಬರ್ತಾರ, ಅವರ ಜೋಡಿ ಕೂಡ್ರಿ. ನಿಮಗ ಎಲ್ಲಾ ಇವತ್ತ ತಿಳೀಬೇಕು ಅಂತೇನಿಲ್ಲ. ಕೂಸು ಒಲ್ಲೆ ಅಂದದ್ದನ್ನ ನಂಬ್ರಿ, ಇಷ್ಟ ಸಾಕು.”

ರೇಣುಕಾ ನಂಬಲು ಮನಸ್ಸು ಮಾಡಿದಳು. ಆದರೆ ಮನೆಯೊಳಗೆ ನಂಬುವುದು ಬೇರೆ, ತವರಿನ ಕಟ್ಟೆಯ ಮೇಲೆ ಕೂತು ಹೇಳುವುದು ಬೇರೆ. ಒಬ್ಬಳೇ ಮಸ್ಕಿಗೆ ಹೋಗಿ ತಾಯಿಯ ಮುಂದೆ ಎಲ್ಲವನ್ನೂ ಹೇಳಿದಾಗ ಕರೆಮ್ಮ ಆರಿಸುತ್ತಿದ್ದ ತೊಗರಿಬೇಳೆಯಿಂದ ತಲೆಯನ್ನೇ ಎತ್ತಲಿಲ್ಲ.

“ನಿನ್ನ ಲಗ್ನದಾಗ ನೀನೂ ಮೂರು ದಿನ ಅತ್ತಿದ್ದಿ. ಈಗೇನು ಸತ್ತಿಯೇನು? ಓದಿಸಿದ್ದು ತಪ್ಪಾತು. ಕತ್ತಿಗೊಂದು ತಾಳಿ ಬಿದ್ರ ಎಲ್ಲಾ ನೆಟ್ಟಗಾಕ್ಕೈತಿ.”

“ಯವ್ವಾ, ಅದರ ಜೀವಕ್ಕ ಏನರ ಆದ್ರ?”

“ಮಾತು ಮುರದಿ ಅಂದ್ರ ಈ ಹೊಸ್ತಿಲಾ ತುಳೀಬ್ಯಾಡ. ನಾ ಸತ್ರೂ ನನ್ನ ಮಣ್ಣಿಗೆ ಬರಬ್ಯಾಡ.”

ಅಪ್ಪ ಸತ್ತಾಗ ಕನಕರಾಜನಿಗೆ ಆರು ವರ್ಷ. ರೇಣುಕಾಳೇ ಅವನ ಮೂಗು ಒರೆಸಿ, ಅನ್ನ ಕಲಸಿ ತಿನ್ನಿಸಿ ಬೆಳೆಸಿದವಳು. ಒಂದು ಕಡೆ ಹೊಟ್ಟೆಯಲ್ಲಿ ಹೊತ್ತ ಕೂಸು, ಇನ್ನೊಂದು ಕಡೆ ಟೊಂಕದಲ್ಲಿ ಹೊತ್ತ ತಮ್ಮ. ಹೆಣ್ಣಿಗೆ ತವರೆಂಬುದು ಎಂಥ ಹಗ್ಗವೆಂದು ಇದನ್ನು ಓದುವ ನನ್ನ ಅಕ್ಕತಂಗಿಯರಿಗೆ ನಾನೇನು ಬಿಡಿಸಿ ಹೇಳಬೇಕಿಲ್ಲ. ಅವಳು ಎದ್ದು ಬಂದಳು. ನರಸಣ್ಣನನ್ನು ಕೇಳಿದರೆ, “ನಿನ್ನ ತವರಿನ ವಿಚಾರ, ನೀ ನೋಡು,” ಎಂದ. ತವರಿಗೆ ಕೊಟ್ಟ ಮಾತು ಮುರಿಯಲು ಅವಳಿಂದಾಗಲಿಲ್ಲ; ಲಗ್ನದ ದಿನ ಗೊತ್ತಾಯಿತು. ಮದುವೆಗೆ ಐದು ದಿನವಿರುವಾಗ ಬಳೆ ಇಡಿಸುವುದೆಂದಾಯಿತು.

ಅಂದು ಬೆಳಿಗ್ಗೆ ಮನೆಯಲ್ಲಿ ಹೆಣ್ಣುಮಕ್ಕಳು ತುಂಬಿದ್ದರು. ಮದುಮಗಳ ಮುಂಗೈಗೆ ಹಸಿರು ಬಳೆ ಏರಿದರೆ ಮುಗಿಯಿತು, ಆಮೇಲೆ ಲಗ್ನ ತಪ್ಪಿಸುವಂತಿಲ್ಲ. ಬಳೆಗಳ ದೊಡ್ಡ ಮಲಾರವನ್ನು ಬಿಚ್ಚಿ ಸರ್ದಾರಬಿ ಚಾಪೆಯ ಮೇಲೆ ಕೂತಿದ್ದಳು. ರೇಣುಕಾಳ ಮದುವೆಗೂ ಬಸಿರಿಗೂ ಬಳೆ ತೊಡಿಸಿದವಳು ಇದೇ ಮುದುಕಿ.

ಚೌರಿ ಕಟ್ಟಿ ಸೀರೆ ಉಡಿಸಿ ಅನುವನ್ನು ತಂದು ಕೂರಿಸಿದರು. ಸರ್ದಾರಬಿ ಎಡಗೈ ಹಿಡಿದು, “ಕೈ ಸಡ್ಲ ಬಿಡು ಬೇಟಾ,” ಎಂದಳು. ಅನು ಮುಷ್ಟಿ ಬಿಗಿದಿತ್ತು. ಸವರಿದಳು, ನೀವಿದಳು. ಗೆಣ್ಣಿನವರೆಗೆ ಏರಿದ ಮೊದಲ ಬಳೆ ಪಟ್ಟೆಂದು ಒಡೆದು ರಕ್ತ ಚಿಮ್ಮಿತು.

“ಸಾಬಾನಾ ಹಚ್ಚು, ಎಣ್ಣಿ ಹಚ್ಚು,” ಎಂದು ಕರೆಮ್ಮ ಗದರಿದಳು. “ಏನ್ ನೋಡಾಕತ್ತೀ? ಕೈಗೇನು ಎಲುವಿಲ್ಲೇನು ನಿನಗ?”

ಸರ್ದಾರಬಿ ಬಳೆಗಳನ್ನು ಕೆಳಗಿಟ್ಟಳು. “ನಲವತ್ತು ವರ್ಷ ಕೈ ಹಿಡದೀನಿ ಕರೆವ್ವಾ. ನೋವಿಗೆ ಬಿಗಿಯೋ ಕೈ ಗೊತ್ತೈತಿ, ನಾಚಿಕಿಗೆ ಬಿಗಿಯೋ ಕೈ ಗೊತ್ತೈತಿ. ಇದು ಅದಲ್ಲ. ಒಲ್ಲದ ಕೈಗೆ ನಾ ಬಳಿ ಏರಸಂಗಿಲ್ಲ.” ಆಮೇಲೆ ರೇಣುಕಾಳ ಕಡೆ ತಿರುಗಿದಳು. “ರೇಣವ್ವಾ, ನೀ ಹೆತ್ತಾಕಿ. ಬಂದು ಈ ಮುಷ್ಟಿ ಬಿಡಸು. ನೀ ಬಿಡಸಿದ್ರ ತೊಡಸ್ತೀನಿ.”

ಎಲ್ಲರೂ ಅವಳನ್ನೇ ನೋಡಿದರು. ಬಾಗಿಲಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕನಕರಾಜ ನಿಂತಿದ್ದ. ರೇಣುಕಾ ಕೂಸಿನ ಎದುರು ಕೂತು ಆ ಮುಷ್ಟಿಯನ್ನು ಹಿಡಿದಳು. ಸಣ್ಣದಿದ್ದಾಗ ಇದರೊಳಗಿಂದ ಬೆಣಚುಕಲ್ಲು, ಬಳಪ ಎಷ್ಟು ಸಲ ಬಿಡಿಸಿಕೊಂಡಿದ್ದಳು! ಎಷ್ಟು ಬಲ ಹಾಕಿದರೆ ತೆರೆಯುತ್ತದೆಂದು ಅವಳಿಗೆ ಗೊತ್ತಿತ್ತು. ಅನು ಅವಳ ಮುಖ ನೋಡಲಿಲ್ಲ. ಯಾರಿಂದಲೂ ಏನನ್ನೂ ಬೇಡದವರ ಹಾಗೆ ನೆಲ ನೋಡುತ್ತಿತ್ತು. 

ಅವಳು ಬೆರಳು ಬಿಡಿಸಲಿಲ್ಲ. ಮುಷ್ಟಿಯ ಮೇಲೆ ತನ್ನೆರಡೂ ಕೈ ಮುಚ್ಚಿ, ಸೆರಗಿನ ತುದಿಯಿಂದ ರಕ್ತ ಒತ್ತಿ ಹಿಡಿದಳು.

“ಮಲಾರಾ ಕಟ್ಟು ಸರ್ದಾರಬಿ. ಲಗ್ನ ಇಲ್ಲ.”

“ರೇಣುಕಾ!” ಎಂದು ಕರೆಮ್ಮ ಚೀರಿದಳು.

“ಹೌದು ಯವ್ವಾ. ತೊಟ್ಟಿಲದಾಗ ಮಾತು ಕೊಟ್ಟಾಕಿ ನಾನು. ಕೂಸಿನ ಪರವಾಗಿ ಆ ಮಾತು ನಾ ಆಡಬಾರದಿತ್ತು. ಕನಕಾ, ನಿನಗ ಹೆಂಗ ಮಾರಿ ತೋರಸ್ಲಿ ತಮ್ಮಾ? ಆದ್ರ ನನ್ನ ಕೂಸನ್ನ ನಾ ಕೊಲ್ಲಂಗಿಲ್ಲ.”

ಕನಕರಾಜ ಬುಟ್ಟಿಯನ್ನು ಕಟ್ಟೆಯ ಮೇಲಿಟ್ಟು, ಶಾಪ ಹಾಕುತ್ತಿದ್ದ ತಾಯಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋದ. ಅಂದಿನಿಂದ ಮಸ್ಕಿಯಿಂದ ಫೋನು ಬರಲಿಲ್ಲ. ಓಣಿಯಲ್ಲಿ ಮಾತು ಹುಟ್ಟಿತು. ಇಬ್ಬರು ತಾಯಂದಿರು ತಮ್ಮ ಮಕ್ಕಳನ್ನು ಅಂಗನವಾಡಿಗೆ ಕಳಿಸುವುದನ್ನು ಬಿಟ್ಟರು. ನರಸಣ್ಣ ಎಂಟು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ, ತೊಳೆದು ಮಡಚಿದ್ದ ತನ್ನದೊಂದು ಅಂಗಿಯನ್ನು ತಂದು ಅನುವಿನ ಹಾಸಿಗೆಯ ಮೇಲಿಟ್ಟು ಗಿರಣಿಗೆ ಹೋದ.

ಹದಿನೈದು ದಿನಕ್ಕೆ ತಾಯಿ, ಕೂಸು ಲಿಂಗಸುಗೂರಿನ ಬಸ್ಸು ಹತ್ತಿದರು. ಮಸ್ಕಿ ಬಂತು. “ಇಳಿಯೋರು ಲಗೂನ ಇಳೀರಿ!” ಎಂದು ಕಂಡಕ್ಟರ್ ಕೂಗಿದ. ಕಿಟಕಿಯಾಚೆ ತವರಿನ ಓಣಿಯ ಬಾಯಿ ಕಾಣುತ್ತಿತ್ತು. ಪರಿಚಯದ ಹೆಂಗಸೊಬ್ಬಳು ನಿಂತು ಇವರನ್ನೇ ದಿಟ್ಟಿಸಿದಳು. ರೇಣುಕಾ ಇಳಿಯುವಂತಿರಲಿಲ್ಲ. ಆದರೆ ಸೆರಗನ್ನು ಮುಂದಕ್ಕೆ ಎಳೆದುಕೊಳ್ಳಲೂ ಇಲ್ಲ.

ಪಕ್ಕದಲ್ಲಿ ಅನು ಬುತ್ತಿ ಬಿಚ್ಚಿ, ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿ ಸುರುಳಿ ಸುತ್ತುತ್ತಿತ್ತು. “ಮಮ್ಮಿ, ನೀ ತಿಂತಿಯೇನು?”

“ನೀ ತಿನ್ನು. ಇವತ್ತು ಎಂಟು ಮಾಡೀನಿ,” ಎಂದಳು ರೇಣುಕಾ.