ವಾಡೆಯ ಗೋಡೆಗೊಂದು ಮೊಳೆ

"ಹಿಡೀರಿ, ವಾಲಾಕತ್ತಾಳ!" ಎಂದು ವಿಶ್ವರಾಧ್ಯ ಅಯ್ಯನವರು ಕೂಗುವಷ್ಟರಲ್ಲಿ ಸರೋಜಾ ಓಡಿಬಂದು ಭಾಗಮ್ಮನ ಹೆಣಕ್ಕೆ ಹೆಗಲು ಕೊಟ್ಟಳು. ಮೀಯಿಸಿ, ವಿಭೂತಿ ಬಳಿದು, ಗೋಡೆಗೆ ಆನಿಸಿ ಕೂರಿಸಿದ್ದರು. ಕೂರಿಸಿದ ಹೆಣ ನಿಲ್ಲಬೇಕಾದರೆ ಗೋಡೆಗೊಂದು ಮೊಳೆ ಹೊಡೆದು, ಅದಕ್ಕೆ ಬಟ್ಟೆ ಕಟ್ಟಿ ಎದೆ ಸುತ್ತಿ ಬಿಗಿಯಬೇಕು. ಲಿಂಗವಂತರಲ್ಲಿ ಇದೇನು ಹೊಸ ಮಾತಲ್ಲ. ಆದರೆ ಸುರಪುರದ ಈ ಅರಮನೆಯಂಥ ಹಳೆಯ ವಾಡೆಗೆ ಮೊಳೆ ಹೊಡೆಯುವಂತಿಲ್ಲ.

"ಮಲ್ಕಪ್ಪ, ಏನು ನೋಡ್ಕೋಂತ ನಿಂತಿದಿ? ಒಂದು ಮೊಳಿ ತಾ," ಎಂದರು ಅಯ್ಯನವರು.

ಕಾವಲುಗಾರ ಮಲ್ಕಪ್ಪ ಅಂಗಳದ ಗೋಡೆಯ ಬೋರ್ಡಿನತ್ತ ಕೈ ಮಾಡಿದ. 'ಸಂರಕ್ಷಿತ ಕಟ್ಟಡ. ಗೋಡೆಗೆ ಮೊಳೆ ಹೊಡೆಯಬಾರದು.'

"ನಾಳಿಗಿ ಇಲಾಖೆ ಸಾಹೇಬ್ರು ನೋಡಾಕ ಬರ್ತಾರ್ರಿ. ಒಂದು ತೂತು ಕಂಡ್ರೂ ನನ್ನ ನೌಕರಿ ಹೋಗ್ತದ."

"ಇದ್ದಾಗಂತೂ ಹೊಡಿಗೊಡ್ಲಿಲ್ಲ, ಸತ್ತಾಗರ ಹೊಡಿಯಪ್ಪ," ಎಂದಳು ಸರೋಜಾ. ಹತ್ತು ವರ್ಷ ಪಕ್ಕದ ಖೋಲಿಯಲ್ಲಿದ್ದವಳು. ಸರ್ಕಾರ ವಾಡೆ ಖಾಲಿ ಮಾಡಿಸಿದಾಗ ಬಾಡಿಗೆಯ ಆರು ಮನೆಯವರು ಊರ ಹೊರಗಿನ ತಗಡಿನ ಶೆಡ್ಡುಗಳಿಗೆ ಹೋದರು; ಅವಳೂ ಹೋದಳು. ಭಾಗಮ್ಮ ಹೋಗಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ, ಅಷ್ಟು ದೊಡ್ಡ ವಾಡೆಯಲ್ಲಿ ಒಬ್ಬಳೇ ಉಳಿದಳು. ಸತ್ತದ್ದು ಗೊತ್ತಾದದ್ದೂ ಬೆಳಿಗ್ಗೆ ಮಲ್ಕಪ್ಪ ಚಹಾ ಕೊಡಲು ಬಂದಾಗ.

*

ಮೊಳೆಯಿಲ್ಲದ ಸಂಸಾರ ಭಾಗಮ್ಮನದು. ಮೊದಲು ಮಾಲಕರು ಬೇಡವೆಂದರು, ಆಮೇಲೆ ಸರ್ಕಾರ. ರೇಷನ್ ಕಾರ್ಡು, ಗಂಡನ ಫೋಟೊ, ಮನೆಯ ಅರ್ಜಿ ಎಲ್ಲ ಒಂದೇ ಕೈಚೀಲದಲ್ಲಿ, ಚೀಲ ನೆಲದ ಮೇಲೆ. ಗಂಡನ ಒಂದು ಕಿವಿಯನ್ನು ಇಲಿ ತಿಂದಿತ್ತು.

ಆಶ್ರಯ ಮನೆ ಕೇಳಲು ಹೋದರೆ ಗುಮಾಸ್ತ ನಕ್ಕಿದ್ದ. "ವಾಡೇದಾಗ ಇರಾಕಿಗಿ ಮನಿ ಯಾಕಬೇ?"

"ವಾಡೆ ನೋಡಾಕ ಬರೋರದ್ರಿ ಸಾಹೇಬ್ರ. ನನಗ ಮೊಳಿ ಹೊಡ್ಯಾಕ ಒಂದು ಗ್ವಾಡಿ ಕೊಡ್ರಿ, ಸಾಕು."

ಮಲ್ಕಪ್ಪ ಬೋರ್ಡು ಹಾಕಿದ ದಿನ ಕೆಳಗೆ ಸ್ಟೂಲು ಹಿಡಿದು ನಿಂತವಳೂ ಅವಳೇ. "ಅಲೋ ಭಾಡ್ಯಾ, ಮೊಳಿ ಹೊಡಿಬ್ಯಾಡ್ರಿ ಅನ್ನಾಕ ನಾಕು ಮೊಳಿ ಹೊಡ್ದೆಲ್ಲೋ! ಒಂದರ ನನಗ ಕೊಡು." ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದರು. ಆಮೇಲೆ ಅವನಿಗೆ ರೊಟ್ಟಿ ಪುಂಡಿಪಲ್ಲೆ ಕೊಟ್ಟಿದ್ದಳು.

*

ಸರೋಜಾಳ ತೋಳು ಸೋತಿತ್ತು. ಮಲ್ಕಪ್ಪ ಒಮ್ಮೆ ಭಾಗಮ್ಮನ ಮುಖ ನೋಡಿ ಇಕ್ಕಳ ಹಿಡಿದು ಅಂಗಳಕ್ಕೆ ಹೋದ. ಕಬ್ಬಿಣ ಕಿರುಗುಟ್ಟಿತು. ಬೋರ್ಡಿನ ಬೆರಳುದ್ದದ ಮೊಳೆಯೊಂದನ್ನು ತಂದು ಕಲ್ಲಿನಿಂದ ಗೋಡೆಗೆ ಬಡಿದ. ಸುಣ್ಣದ ಪುಡಿ ಭಾಗಮ್ಮನ ತಲೆಯ ಮೇಲೆ ಉದುರಿತು. ಸರೋಜಾ ಸೆರಗಿನಿಂದ ಒರೆಸಿದಳು.

"ಮಣ್ಣಾಗೂ ತನಕ ಅಷ್ಟೇರಿ," ಎಂದ ಮಲ್ಕಪ್ಪ ಯಾರಿಗೋ ಸಮಜಾಯಿಷಿ ಹೇಳುವವನಂತೆ. "ಆಮ್ಯಾಲ ಕಿತ್ತಿ ಬೋರ್ಡಿಗೇ ಹೊಡಿತೀನಿ."

ಬಟ್ಟೆ ಬಿಗಿದರು. ಭಾಗಮ್ಮ ನೆಟ್ಟಗೆ ಕುಳಿತಳು. ಮಣ್ಣಿಗೆ ಹೋದವರು ಒಟ್ಟು ಒಂಬತ್ತು ಮಂದಿ.

ಸಂಜೆ ಮಲ್ಕಪ್ಪ ಇಕ್ಕಳ ಹಿಡಿದು ಖೋಲಿಗೆ ಬಂದ. ಸರೋಜಾ ನೆಲ ಸಾರಿಸಿ ಹೋಗಿದ್ದಳು. ಮೊಳೆಗೆ ಭಾಗಮ್ಮನ ಕೈಚೀಲ ತೂಗುಹಾಕಿತ್ತು. ಅವನು ಚೀಲ ಇಳಿಸಲು ಕೈ ಎತ್ತಿದ, ಮುಟ್ಟದೆ ಹಾಗೇ ಕೈ ಇಳಿಸಿದ. ಬಾಗಿಲು ಮುಂದೆ ಮಾಡಿ ಕೀಲಿ ಹಾಕಿದ.

ಅಂಗಳದಲ್ಲಿ ಬೋರ್ಡಿನ ಸಡಿಲ ಮೂಲೆ ಗಾಳಿಗೆ ಗೋಡೆಯನ್ನು ಬಡಿಯುತ್ತಲೇ ಇತ್ತು.